ಎಡಗೈಗೆ ಸಿಕ್ಕ ಗುಂಡಿ

ಸಂಜೆ ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುತ್ತಿದ್ದ ಆ ಮೇಷ್ಟ್ರಿಗೆ ವಿದ್ಯಾರ್ಥಿಗಳು ಬೆನ್ನ ಹಿಂದೆ ಇಟ್ಟಿದ್ದ ಹೆಸರು ‘ಸಂಕೇತ ಮೇಷ್ಟ್ರು’. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೇ ಹಿಗ್ಗುತ್ತಿದ್ದರು. ಕಾದಂಬರಿಯಲ್ಲಿ ಯಾರಾದರೂ ಕೊಡೆ ಮರೆತು ಹೋದರೆ ಊರಿಗೆಲ್ಲ ಅದು ಮರೆವು, ಮೇಷ್ಟ್ರಿಗೆ ದೇವರಿಲ್ಲದ ಆಕಾಶ. ಯಾರಾದರೂ ಟೋಪಿ ತೆಗೆದರೆ ಅಹಂಕಾರದ ವಿಸರ್ಜನೆ. ಸೆಕೆಗೆ ತೆಗೆದಿರಬಹುದು ಎಂದು ಹೇಳುವ ಧೈರ್ಯ ಯಾವ ವಿದ್ಯಾರ್ಥಿಗೂ ಬಂದಿರಲಿಲ್ಲ.

ಅವರ ಹೆಸರು ನಿಂತಿದ್ದದ್ದು ಒಂದೇ ಕಾದಂಬರಿಯ ಮೇಲೆ. ಅದಕ್ಕೆ ಅವರು ಬರೆದಿದ್ದ ಪರೀಕ್ಷಾ ಕೈಪಿಡಿ ಇಪ್ಪತ್ತಾರು ವರ್ಷಗಳಲ್ಲಿ ಒಂಬತ್ತು ಸಲ ಅಚ್ಚಾಗಿತ್ತು. ಕಾದಂಬರಿಯನ್ನು ಓದದೇ ಕೈಪಿಡಿಯನ್ನಷ್ಟೇ ಓದಿ ಪಾಸಾದವರ ಸಂಖ್ಯೆ ದೊಡ್ಡದು. ಕಾದಂಬರಿಯ ಕಥೆ ಇಷ್ಟು: ನದೀತೀರದ ಸಣ್ಣ ಊರಿನ ಅಂಚೆ ಕಚೇರಿಯನ್ನು ನೋಡಿಕೊಳ್ಳುವ ಒಬ್ಬ ಅವಿವಾಹಿತೆ, ಎಲ್ಲರೂ ಕರೆಯುವುದು ‘ಅಂಚೆಯಮ್ಮ’ ಎಂದು. ಸೇತುವೆ ಕಟ್ಟಲು ಬಂದ ಒಬ್ಬ ಎಂಜಿನಿಯರು ಅವಳನ್ನು ಇಷ್ಟಪಡುತ್ತಾನೆ. ಪಕ್ಕದ ಮನೆಯಲ್ಲಿ ಒಬ್ಬಳು ನರ್ಸು ಇದ್ದಾಳೆ. ಹನ್ನೊಂದನೆಯ ಅಧ್ಯಾಯದಲ್ಲಿ ಅಂಚೆಯಮ್ಮ ಬೆಳಕು ಹರಿಯುವ ಮುಂಚೆ ಯಾವುದೋ ಮನೆಯಿಂದ ಹೊರಬೀಳುತ್ತಾಳೆ. ಯಾರ ಮನೆ ಎಂದು ಲೇಖಕಿ ಹೇಳುವುದಿಲ್ಲ. ಅವಳ ಮೈಮೇಲೆ ಅವಳದಲ್ಲದ ಒಂದು ಕೋಟು ಇರುತ್ತದೆ. ಆಮೇಲೆ ಸೇತುವೆ ಮುಗಿಯುತ್ತದೆ, ಎಂಜಿನಿಯರು ಹೋಗುತ್ತಾನೆ, ಅಂಚೆಯಮ್ಮ ಮದುವೆಯಿಲ್ಲದೆ ಮುದುಕಿಯಾಗುತ್ತಾಳೆ.

ಕೋಟು ಎಂಜಿನಿಯರನದು ಎಂದು ಮೊದಲು ಬರೆದವರು ಮೇಷ್ಟ್ರ ಗುರುಗಳಾದ ದೊಡ್ಡ ಮೇಷ್ಟ್ರು. ‘ಈ ಕೋಟು ಯಂತ್ರನಾಗರಿಕತೆಯ ಸಂಕೇತ’ ಎಂಬುದು ಅವರ ವಾಕ್ಯ. ಶಿಷ್ಯರಾದ ನಮ್ಮ ಮೇಷ್ಟ್ರು ಅದನ್ನು ತೆಗೆದುಕೊಂಡು ಹದಿನಾಲ್ಕು ಪುಟಕ್ಕೆ ಹಿಗ್ಗಿಸಿದರು. ಕೋಟಿನ ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆಯೇ ನಿಂತಿತ್ತು ಎಂದು ಲೇಖಕಿ ಬರೆದಿದ್ದಕ್ಕೆ, ‘ಆಧುನಿಕತೆ ಹೆಣ್ಣಿಗೆ ನೀಡಿದ ಅರೆಬರೆ ಸ್ವಾತಂತ್ರ್ಯ’ ಎಂದು ಕೈಪಿಡಿಯಲ್ಲಿ ವಿವರಣೆ ಇತ್ತು. ನರ್ಸು ಅಂಚೆಯಮ್ಮನ ತಲೆಗೂದಲು ತೊಳೆದುಕೊಡುವ ನಾಲ್ಕನೆಯ ಅಧ್ಯಾಯ ಹನ್ನೊಂದು ಪುಟ ಉದ್ದ. ಅದಕ್ಕೆ ಮೇಷ್ಟ್ರು ಬರೆದ ಟಿಪ್ಪಣಿ ಒಂದೇ ಸಾಲು: ‘ಈ ಭಾಗ ಕಥೆಗೆ ಅನಗತ್ಯ, ಪರೀಕ್ಷೆಗೆ ಬರುವುದಿಲ್ಲ.’

ಇನ್ನು ಕಾದಂಬರಿಯಲ್ಲಿ ಇಬ್ಬರು ಒಂದು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಮೇಷ್ಟ್ರು ತರಗತಿಯ ಕಿಟಕಿ ತೆರೆಯುತ್ತಿದ್ದರು. ‘ಇಲ್ಲಿ ದೈಹಿಕ ಆಯಾಮವೂ ಇದೆ’ ಎಂದು ಹೊರಗಿನ ಸೈಕಲ್ ಸ್ಟ್ಯಾಂಡಿಗೆ ತಿಳಿಸಿ, ತಿರುಗಿ ಬಂದು ಮುಂದಿನ ಅಧ್ಯಾಯ ಹಿಡಿಯುತ್ತಿದ್ದರು.

ಆ ವರ್ಷ ತರಗತಿಗೆ ಒಬ್ಬ ಹೊಲಿಗೆಯವಳು ಸೇರಿದ್ದಳು. ವಯಸ್ಸು ನಲವತ್ತೈದರ ಆಸುಪಾಸು. ಕಾಲೇಜಿನ ಹಿಂದಿನ ರಸ್ತೆಯಲ್ಲಿ ಅವಳ ಅಂಗಡಿ. ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ದೊಡ್ಡದನ್ನು ಚಿಕ್ಕದು ಮಾಡುವುದು, ಚಿಕ್ಕದನ್ನು ಬಿಡಿಸಿ ದೊಡ್ಡದು ಮಾಡುವುದು, ಜಿಪ್ ಹಾಕುವುದು, ಸವೆದ ಕಾಲರ್ ತಿರುಗಿಸಿ ಹೊಲಿಯುವುದು, ಇಂಥ ಕೆಲಸ. ಬಿಟ್ಟುಹೋಗಿದ್ದ ಡಿಗ್ರಿ ಮುಗಿಸಬೇಕು ಅನ್ನಿಸಿ ಬಂದಿದ್ದಳು. ಗಂಡಸಿನ ಒಂದು ಹಳೆಯ ಶರ್ಟು ಮೇಲೆ ಹಾಕಿಕೊಂಡು, ಅದರ ಎದೆಯ ಮೇಲೆ ಸಾಲಾಗಿ ಗುಂಡುಸೂಜಿ ಚುಚ್ಚಿಕೊಂಡು, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಮೂರು ತಿಂಗಳು ಒಂದು ಮಾತಾಡಿರಲಿಲ್ಲ.

ಹನ್ನೊಂದನೆಯ ಅಧ್ಯಾಯದ ದಿನ ಮೇಷ್ಟ್ರು ಯಂತ್ರನಾಗರಿಕತೆಯನ್ನು ಮುಗಿಸಿ, ‘ಏನಾದ್ರೂ ಪ್ರಶ್ನೆ?’ ಎಂದರು. ಈ ಪ್ರಶ್ನೆಗೆ ಇಪ್ಪತ್ತಾರು ವರ್ಷದಿಂದ ಯಾರೂ ಉತ್ತರ ಕೊಟ್ಟಿರಲಿಲ್ಲವಾದ್ದರಿಂದ ಅವರು ಆಗಲೇ ಪುಸ್ತಕ ಮುಚ್ಚಿದ್ದರು.

‘ಸರ್, ಅದು ಎಂಜಿನಿಯರ್ ಕೋಟು ಅಲ್ಲ ಅನ್ಸುತ್ತೆ,’ ಎಂದಳು ಹೊಲಿಗೆಯವಳು.

ಮೇಷ್ಟ್ರು ದೊಡ್ಡ ಮನಸ್ಸಿನ ನಗೆ ನಕ್ಕರು. ‘ಯಾಕಮ್ಮ ಹಾಗಂತೀರಿ?’

‘ನೂರಾ ಮೂವತ್ತೆರಡನೇ ಪುಟದಲ್ಲಿ ಬರ್ದಿದೆ ಸರ್. “ಕತ್ತಲಲ್ಲಿ ಅವಳ ಎಡಗೈಗೆ ಗುಂಡಿಗಳು ಒಂದೊಂದಾಗಿ ತಾವೇ ಸಿಕ್ಕವು, ಬಲಗೈ ಕಾಜಗಳನ್ನು ತಂದುಕೊಟ್ಟಿತು.” ಗಂಡಸ್ರ ಕೋಟಲ್ಲಿ ಗುಂಡಿ ಬಲಗಡೆ ಇರುತ್ತೆ, ಗುಂಡಿ ತೂರಿಸೋ ಕಾಜ ಎಡಗಡೆ. ಹೆಂಗಸ್ರ ಕೋಟಲ್ಲಿ ಉಲ್ಟಾ. ಎಡಗೈಗೆ ಗುಂಡಿ ಸಿಕ್ತು ಅಂದ್ರೆ ಅದು ಹೆಂಗಸ್ರ ಕೋಟು.’

ತರಗತಿಯಲ್ಲಿ ಹನ್ನೆರಡು ಜನ ಬಗ್ಗಿ ತಮ್ಮ ತಮ್ಮ ಎದೆ ನೋಡಿಕೊಂಡರು. ಮೇಷ್ಟ್ರು ನೋಡಿಕೊಳ್ಳಲಿಲ್ಲ, ಆದರೆ ಕೈ ತಾನಾಗಿಯೇ ಮೇಲೆ ಹೋಯಿತು. ಗುಂಡಿ ಬಲಗಡೆಯೇ ಇತ್ತು.

‘ಆಕೆ ಎಡಚಿ ಆಗಿರಬಹುದು,’ ಎಂದರು. ‘ಎಡಗೈ ಅನ್ನೋದು ವ್ಯವಸ್ಥೆಯ ವಿರುದ್ಧದ ಒಂದು...’

‘ಎಡಚರಾದ್ರೂ ಗುಂಡಿ ಜಾಗ ಬದ್ಲಾಗಲ್ಲ ಸರ್. ಆಮೇಲೆ ಆ ಎಂಜಿನಿಯರು ಬಾಗಿಲಲ್ಲಿ ಬಗ್ಗಿ ಒಳಗೆ ಬರ್ತಾನೆ ಅಂತ ಎರಡು ಕಡೆ ಇದೆ. ಅಷ್ಟೆತ್ತರದವನ ಕೋಟು ಹಾಕ್ಕೊಂಡ್ರೆ ತೋಳು ಬೆರಳು ಮುಚ್ಚಿ ಕೆಳಗೆ ಜೋತಾಡಬೇಕು. ಇಲ್ಲಿ ನಾಲ್ಕು ಬೆರಳು ಗಿಡ್ಡ ಇದೆ. ಕಥೇಲಿ ಅಂಚೆಯಮ್ಮನಿಗಿಂತ ಗಿಡ್ಡ ಇರೋಳು ನರ್ಸ್ ಒಬ್ಳೇ. ಏಣಿ ಕೇಳೋಕೆ ಬರ್ತಾಳಲ್ಲ, ಕೈ ಎಟುಕಲ್ಲ ಅಂತ.’

‘ಅಂದ್ರೆ ನೀವು ಹೇಳೋದು...’ ಎಂದು ಮೇಷ್ಟ್ರು ಕಿಟಕಿಯ ಕಡೆ ನಡೆದರು. ಕಿಟಕಿ ಆಗಲೇ ತೆರೆದಿತ್ತು.

‘ಇಬ್ರೂ ಕೋಟು ಬಿಚ್ಚಿದ್ರು. ಎದ್ದು ಹೊರಡೋವಾಗ ಕತ್ತಲಲ್ಲಿ ಅದಲು ಬದಲಾಯ್ತು. ಯಾಕೆ ಬಿಚ್ಚಿದ್ರು ಅಂತ ನಾನು ಹೇಳ್ಬೇಕಾ ಸರ್?’

ಬೇಡ ಎಂದರು ಮೇಷ್ಟ್ರು. ಸೈಕಲ್ ಸ್ಟ್ಯಾಂಡಿಗೂ ಏನೂ ಹೇಳಲಿಲ್ಲ. ಗಂಟೆ ಹೊಡೆಯಲು ಇನ್ನೂ ಹದಿನೈದು ನಿಮಿಷ ಇದ್ದಾಗಲೇ ತರಗತಿ ಬಿಟ್ಟರು.

ಭಾನುವಾರ ಮಧ್ಯಾಹ್ನ ಹೆಂಡತಿ ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಮೇಷ್ಟ್ರು ಬೀರು ತೆರೆದರು. ಕಿಟಕಿಯ ಪರದೆ ಎಳೆದು, ಸಾಲದ್ದಕ್ಕೆ ಕಣ್ಣನ್ನೂ ಮುಚ್ಚಿ, ಮೊದಲು ತಮ್ಮ ಕೋಟು ಹಾಕಿ ಗುಂಡಿ ಹಾಕಿಕೊಂಡರು. ಬಲಗೈ ತಾನೇ ಗುಂಡಿ ಹಿಡಿಯಿತು. ಆಮೇಲೆ ಹೆಂಡತಿಯ ಕೋಟು. ಒಂದು ತೋಳು ಹೋಯಿತು. ಇನ್ನೊಂದು ಮೊಣಕೈವರೆಗೆ ಹೋಗಿ ನಿಂತಿತು, ಅಲ್ಲಿಂದ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಬಲಗೈ ಹಳೆಯ ಅಭ್ಯಾಸದಂತೆ ಗುಂಡಿ ಹುಡುಕಿತು. ಸಿಕ್ಕಿದ್ದು ಬರೀ ತೂತು. ಇಪ್ಪತ್ತಾರು ವರ್ಷ ಆ ವಾಕ್ಯವನ್ನು ಬಾಯಿಪಾಠ ಒಪ್ಪಿಸಿದ ಮನುಷ್ಯ ಅದನ್ನು ಒಂದು ಸಲವೂ ಕೈಯಲ್ಲಿ ಮಾಡಿ ನೋಡಿರಲಿಲ್ಲವಲ್ಲ ಎಂದು ಅವರಿಗೆ ತಮ್ಮ ಮೇಲೇ ನಗು ಬಂತು. ನಕ್ಕ ರಭಸಕ್ಕೆ ಕಂಕುಳ ಹತ್ತಿರ ಹೊಲಿಗೆ ಪರ್ ಎಂದಿತು.

ಅದೇ ಸಮಯಕ್ಕೆ ಹೆಂಡತಿ ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳದು ಔಷಧಿ ಅಂಗಡಿಯ ಕೆಲಸ. ಯಾವುದಕ್ಕೂ ಸುಲಭಕ್ಕೆ ಬೆಚ್ಚುವವಳಲ್ಲ.

‘ರೀ, ಏನಾಗಿದೆ ನಿಮಗೆ?’

ಮೇಷ್ಟ್ರು ಆ ತೋಳಿನಲ್ಲಿ ಸಿಕ್ಕಿಕೊಂಡೇ ಎಲ್ಲವನ್ನೂ ಹೇಳಿದರು: ಎಡಗೈ, ಬಲಗೈ, ನರ್ಸು, ಏಣಿ. ಹೆಂಡತಿ ಮಂಚದ ಮೇಲೆ ಕೂತು ಕೇಳಿಸಿಕೊಂಡಳು.

‘ಇದನ್ನ ನಾನು ಮದುವೆಯಾದ ವರ್ಷವೇ ಹೇಳಿದ್ನಲ್ಲ.’

‘ಏನಂತ?’

‘ಆ ಇಬ್ಬರು ಹೆಂಗಸರಿಗೆ ಒಬ್ಬರನ್ನ ಕಂಡ್ರೆ ಒಬ್ಬರಿಗೆ ಪ್ರಾಣ ಅಂತ. ಗುಂಡಿ ಗಿಂಡಿ ನನಗೆ ಗೊತ್ತಾಗಿರ್ಲಿಲ್ಲ. ಆ ತಲೆ ತೊಳೆಯೋ ಅಧ್ಯಾಯ ಓದಿ ಹೇಳಿದ್ದೆ. ಹನ್ನೊಂದು ಪುಟ ಯಾರೂ ಸುಮ್ನೆ ಒಬ್ಬರ ತಲೆ ತೊಳೆಯಲ್ಲ.’

‘ನಾನೇನಂದೆ?’

‘“ಹೆಂಗಸರು ಕಥೆ ಓದ್ತಾರೆ, ಪಠ್ಯ ಓದಲ್ಲ” ಅಂದ್ರಿ. ನಾನೂ ಹೌದೇನೋ ಅಂದ್ಕೊಂಡೆ. ಡಾಕ್ಟ್ರ ಅಕ್ಷರ ಓದೋಳು ನಾನು, ನನಗೆ ಪಠ್ಯ ಓದೋಕೆ ಬರಲ್ವಂತೆ.’ ಅವಳು ಎದ್ದು ಬಂದು ತೋಳು ಹಿಡಿದು ಎಳೆದಳು. ‘ಕೈ ಮೇಲೆತ್ತಿ. ಇನ್ನೂ ಮೇಲೆ.’

ಅಂಗೈ ಹುಣ್ಣಿಗೆ ಕನ್ನಡಿ ಹಿಡಿದು ಕೂತಿದ್ದೆನಲ್ಲ ಎಂದುಕೊಳ್ಳುತ್ತ ಮೇಷ್ಟ್ರು ಕೈ ಎತ್ತಿ ನಿಂತರು.

ಮನುಷ್ಯ ಅಷ್ಟಕ್ಕೇ ಬುದ್ಧಿ ಕಲಿತ ಎಂದರೆ ಸುಳ್ಳಾಗುತ್ತದೆ. ಹರಿದ ಕೋಟನ್ನು ಹೊಲಿಸಲು ಹೋದ ಮೇಷ್ಟ್ರು ಅಂಗಡಿಯ ಸ್ಟೂಲಿನ ಮೇಲೆ ಕೂತು ಹೊಲಿಗೆಯವಳನ್ನೇ ಓದತೊಡಗಿದರು. ಗಂಡಸಿನ ಶರ್ಟು. ಎದೆಯ ಮೇಲೆ ಮೊನೆಗಳ ಸಾಲು, ಅಂದರೆ ಕವಚ. ಕೊನೆಯ ಬೆಂಚು. ಇಷ್ಟು ನಿಖರವಾಗಿ ಆ ಗುಟ್ಟು ಹಿಡಿಯಬೇಕಾದರೆ ಈಕೆಯೂ ಅಂಥದೇ ಗುಟ್ಟು ಹೊತ್ತವಳಿರಬೇಕು. ಮೇಷ್ಟ್ರು ಸ್ಟೂಲನ್ನು ಒಂದಿಷ್ಟು ಹತ್ತಿರ ಎಳೆದುಕೊಂಡರು.

‘ನೋಡಿ ಅಮ್ಮ,’ ಎಂದರು ದನಿ ತಗ್ಗಿಸಿ, ‘ಸಮಾಜ ಏನೇ ಅನ್ಲಿ, ನನ್ನ ಕಡೆಯಿಂದ ನಿಮಗೆ ಯಾವತ್ತೂ... ಅಂದ್ರೆ ನಿಮ್ಮ ಬದುಕಿನ ಆಯ್ಕೆ ಬಗ್ಗೆ ನನಗೆ ಪೂರ್ತಿ ಗೌರವ ಇದೆ.’

ಹೊಲಿಗೆಯವಳು ಮೆಷಿನ್ ನಿಲ್ಲಿಸಿದಳು. ಮೇಷ್ಟ್ರ ಕಣ್ಣು ಎಲ್ಲಿದೆ ಎಂದು ನೋಡಿದಳು, ತನ್ನ ಶರ್ಟನ್ನು ನೋಡಿಕೊಂಡಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

‘ಇದು ನಮ್ಮೆಜಮಾನ್ರ ಹಳೇ ಶರ್ಟು ಸರ್. ಮೆಷಿನ್ ಎಣ್ಣೆ ಬಟ್ಟೆಗಾಗುತ್ತೆ ಅಂತ ಮೇಲೆ ಹಾಕ್ಕೋತೀನಿ. ಗುಂಡುಸೂಜಿ ಕೈಗೆ ಸಿಗ್ಲಿ ಅಂತ ಇಲ್ಲಿ ಚುಚ್ಕೊಂಡಿರ್ತೀನಿ. ಹಿಂದಿನ ಬೆಂಚಲ್ಲಿ ಫ್ಯಾನ್ ಇದೆ.’ ಮತ್ತೆ ಪೆಡಲ್ ಮೇಲೆ ಕಾಲಿಟ್ಟು, ನಗು ತಡೆದುಕೊಂಡು ಹೇಳಿದಳು: ‘ನಾನು ಹಾಗಿದ್ರೂ ಆ ಕೋಟು ನರ್ಸ್‌ದೇ, ಹೀಗಿದ್ರೂ ನರ್ಸ್‌ದೇ ಅಲ್ವಾ ಸರ್?’

ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಭೂಮಿ ಬಿಡಲಿಲ್ಲ. ಹೊಲಿಗೆ ಮುಗಿಯುವವರೆಗೆ ಸ್ಟೂಲಿನ ಮೇಲೇ ಕೂರಬೇಕಾಯಿತು.

ಮುಂದಿನ ತಿಂಗಳು ಕಾದಂಬರಿಗೆ ಐವತ್ತು ವರ್ಷ ತುಂಬಿದ್ದಕ್ಕೆ ವಿಚಾರಗೋಷ್ಠಿ ಇತ್ತು. ದೊಡ್ಡ ಮೇಷ್ಟ್ರ ಅಧ್ಯಕ್ಷತೆ, ನಮ್ಮ ಮೇಷ್ಟ್ರ ಮುಖ್ಯ ಪ್ರಬಂಧ. ಮೂರು ದಿನ ಕೂತು ಮೇಷ್ಟ್ರು ಹೊಸ ಪ್ರಬಂಧ ಬರೆದರು. ಬರೆಯುತ್ತ ಬರೆಯುತ್ತ ಆ ಎಡಗೈಯ ಗುಂಡಿ ಅವರ ಕೈಯಲ್ಲಿ ಏನೇನೋ ಆಯಿತು: ಮೊದಲು ಅದುಮಿಟ್ಟ ಬಯಕೆ, ಆಮೇಲೆ ಭಾಷೆಗೆ ಮುಂಚಿನ ಮೌನ, ಹದಿನೆಂಟನೆಯ ಪುಟದ ಹೊತ್ತಿಗೆ ವಿಶ್ವದ ವರ್ತುಲ. ಹೊಲಿಗೆಯವಳು ಹದಿನಾಲ್ಕನೆಯ ಅಡಿಟಿಪ್ಪಣಿಯಲ್ಲಿದ್ದಳು: ‘ವಿದ್ಯಾರ್ಥಿನಿಯೊಬ್ಬರ ಜೊತೆಗಿನ ಸಂವಾದ ಈ ಚಿಂತನೆಗೆ ಚಾಲನೆ ನೀಡಿತು.’ ಬರೆದ ಮೇಲೆ ಮೇಷ್ಟ್ರಿಗೆ ತಮ್ಮ ಔದಾರ್ಯದ ಬಗ್ಗೆ ತೃಪ್ತಿಯೇ ಆಯಿತು. ಹೆಸರು ಹಾಕದಿದ್ದರೂ ಏಕವಚನ ಬಳಸಿರಲಿಲ್ಲವಲ್ಲ.

ಒಂದು ಸಲ ಕಣ್ಣಾಡಿಸಲಿ ಎಂದು ಅವಳಿಗೆ ಕೊಟ್ಟರು. ಅವಳು ಎರಡು ದಿನ ಇಟ್ಟುಕೊಂಡು ವಾಪಸ್ ಕೊಟ್ಟಳು. ಅಡಿಟಿಪ್ಪಣಿಯ ಮಾತೇ ಎತ್ತಲಿಲ್ಲ.

‘ಬಹಳ ಕಷ್ಟ ಪಟ್ಟಿದೀರಿ ಸರ್. ನನಗೆ ಅರ್ಧ ಅರ್ಥ ಆಗ್ಲಿಲ್ಲ. ಅರ್ಥ ಆಗಿದ್ರಲ್ಲಿ ಒಂದು ತಪ್ಪಿದೆ. ಆರನೇ ಪುಟದಲ್ಲಿ ಹೆಂಗಸರ ಕೋಟಿಗೆ ಗುಂಡಿ ಬಲಗಡೆ ಅಂತ ಬರ್ದುಬಿಟ್ಟಿದೀರಿ.’

ಮೇಷ್ಟ್ರು ನೋಡಿದರು. ಹೌದು. ಇಡೀ ಪ್ರಬಂಧ ಯಾವ ಒಂದು ಗುಂಡಿಯ ಮೇಲೆ ನಿಂತಿತ್ತೋ ಆ ಗುಂಡಿಯೇ ತಪ್ಪು ಕಡೆ ಇತ್ತು. ವಿಶ್ವದ ವರ್ತುಲ ಮಾತ್ರ ಸರಿಯಾಗಿತ್ತು, ಅದನ್ನು ಸರಿಯಲ್ಲ ಎನ್ನಲು ಯಾರಿಗೂ ದಾರಿಯಿರಲಿಲ್ಲ. ಅಲ್ಲೇ ಅಂಗಡಿಯಲ್ಲಿ ನಿಂತು ಅವರಿಗೆ ತಮ್ಮ ಇಪ್ಪತ್ತಾರು ವರ್ಷದ ಕಸುಬು ಅಂಗೈ ಮೇಲೆ ಇಟ್ಟಷ್ಟು ಸ್ಪಷ್ಟವಾಗಿ ಕಂಡಿತು. ನೋಡಲು ಚೆನ್ನಾಗಿರಲಿಲ್ಲ.

‘ಗೋಷ್ಠಿಗೆ ನೀವೇ ಬಂದು ಮಾತಾಡ್ತೀರಾ?’ ಎಂದರು.

‘ನಾನಾ? ನನಗೆ ಭಾಷಣ ಬರಲ್ಲ ಸರ್.’

‘ಬೇಡ. ತರಗತೀಲಿ ಹೇಳಿದ ಹಾಗೆ ಹೇಳಿ.’

ಅವಳು ಒಪ್ಪಲು ನಾಲ್ಕು ದಿನ ತೆಗೆದುಕೊಂಡಳು. ಸಂಘಟಕರು ಒಪ್ಪಲು ಒಂದು ವಾರ.

ಗೋಷ್ಠಿಯ ದಿನ ಸಭಾಂಗಣದಲ್ಲಿ ಎಂಬತ್ತು ಜನ. ಮೇಷ್ಟ್ರು ಎರಡೇ ನಿಮಿಷ ಮಾತಾಡಿದರು. ‘ನನ್ನ ಕೈಪಿಡಿಯ ಹದಿನಾಲ್ಕು ಪುಟ ತಪ್ಪು. ಯಾಕೆ ತಪ್ಪು ಅಂತ ಇವರು ಹೇಳ್ತಾರೆ,’ ಎಂದು ಕೂತರು.

ಹೊಲಿಗೆಯವಳು ಹೆಂಗಸರದೊಂದು, ಗಂಡಸರದೊಂದು, ಎರಡು ಕೋಟು ತಂದಿದ್ದಳು. ಮೊದಲನೆಯದನ್ನು ಒಬ್ಬ ಅಧ್ಯಾಪಕಿಗೆ ಹಾಕಿಸಿ, ಕಣ್ಣು ಮುಚ್ಚಿ ಗುಂಡಿ ಹಾಕಿಕೊಳ್ಳಲು ಹೇಳಿದಳು. ಆಮೇಲೆ ಇನ್ನೊಂದನ್ನು ಹಾಕಿಸಿದಳು. ಅಧ್ಯಾಪಕಿಯ ಬೆರಳು ಎರಡನೆಯದರಲ್ಲಿ ತಡಕಾಡಿದ್ದನ್ನು ಎಂಬತ್ತು ಜನ ನೋಡಿದರು. ಒಂಬತ್ತು ನಿಮಿಷಕ್ಕೆ ಎಲ್ಲ ಮುಗಿಯಿತು ಎಂದು ಮೇಷ್ಟ್ರು ಉಸಿರು ಬಿಡುವಷ್ಟರಲ್ಲಿ ಅವಳು ಪುಸ್ತಕದ ಕೊನೆಯ ಪುಟ ತೆರೆದಳು.

‘ಇನ್ನೊಂದಿದೆ. ಇದನ್ನ ನಾನು ಮೇಷ್ಟ್ರಿಗೂ ಹೇಳಿಲ್ಲ, ನಿನ್ನೆ ಕಂಡಿದ್ದು. ಇಪ್ಪತ್ತು ವರ್ಷ ಆದ್ಮೇಲೆ ಅಂಚೆಯಮ್ಮ ನದಿ ಹತ್ರ ನಿಂತಿರ್ತಾಳೆ. “ಅವಳ ಕೋಟಿನ ತೋಳಿನಲ್ಲಿ, ಅಂಚಿಗಿಂತ ನಾಲ್ಕು ಬೆರಳು ಮೇಲೆ, ಸುತ್ತಲೂ ಒಂದು ಗೆರೆ ಇತ್ತು. ಗೆರೆಯ ಕೆಳಗೆ ಬಟ್ಟೆಯ ಬಣ್ಣ ಮೇಲಿನದಕ್ಕಿಂತ ಒಂದಿಷ್ಟು ಗಾಢವಾಗಿತ್ತು.”’

ಮೇಷ್ಟ್ರಿಗೆ ಆ ಸಾಲು ಗೊತ್ತಿತ್ತು. ಕೈಪಿಡಿಯಲ್ಲಿ ಅವರು ಅದನ್ನು ‘ಕಾಲ ಮಾಡಿದ ಗಾಯ’ ಎಂದು ವಿವರಿಸಿದ್ದರು.

‘ತೋಳು ಗಿಡ್ಡ ಆದ್ರೆ ಒಳಗೆ ಮಡಚಿರೋ ಬಟ್ಟೆ ಬಿಡಿಸಿ ಉದ್ದ ಮಾಡ್ತೀವಿ,’ ಎಂದಳು ಹೊಲಿಗೆಯವಳು. ‘ಬಿಡಿಸಿದಾಗ ಹಳೇ ಮಡಿಕೆ ಜಾಗದಲ್ಲಿ ಗೆರೆ ಉಳ್ಕೊಳ್ಳುತ್ತೆ. ಒಳಗಿದ್ದ ಬಟ್ಟೆಗೆ ಅಷ್ಟು ದಿನ ಬಿಸಿಲು ಬಿದ್ದಿರಲ್ಲ, ಅದಕ್ಕೆ ಬಣ್ಣ ಕಮ್ಮಿ ಮಾಸಿರುತ್ತೆ. ಅಂದ್ರೆ ಇದು ಅದೇ ಕೋಟು. ನರ್ಸ್‌ದು. ನಾಲ್ಕು ಬೆರಳು ಗಿಡ್ಡ ಇತ್ತಲ್ಲ, ನಾಲ್ಕೇ ಬೆರಳು ಬಿಡಿಸಿದಾರೆ. ವಾಪಸ್ ಕೊಡ್ಲಿಲ್ಲ ಅವಳು. ತನ್ನ ಅಳತೆಗೆ ಮಾಡಿಸ್ಕೊಂಡು ಇಪ್ಪತ್ತು ವರ್ಷ ಹಾಕ್ಕೊಂಡ್ಳು. ಒಂಟಿಯಾಗಿ ಮುದುಕಿಯಾದ್ಳು, ಇದು ದುಃಖದ ಕಥೆ ಅಂತ ಪಾಠದಲ್ಲಿ ಬರುತ್ತೆ. ನನಗೆ ಹಾಗನ್ನಿಸ್ಲಿಲ್ಲ. ಪಕ್ಕದ ಮನೇಲಿ ನರ್ಸ್ ಇದ್ದೇ ಇದ್ಳಲ್ಲ. ಎಲ್ಲಿಗಾದ್ರೂ ಹೋದ್ಳು ಅಂತ ಎಲ್ಲೂ ಬರ್ದಿಲ್ಲ.’

ಮೇಷ್ಟ್ರು ತಲೆ ತಗ್ಗಿಸಿದರು. ನಾಚಿಕೆಗಲ್ಲ, ಕಣ್ಣು ತುಂಬಿತ್ತು. ಇಷ್ಟು ಸುಖವಾದ ಪುಸ್ತಕವನ್ನು ಇಟ್ಟುಕೊಂಡು ಒಂದು ತಲೆಮಾರಿನ ಮಕ್ಕಳು ಅಳುವಂತೆ ಮಾಡಿದ್ದೆನಲ್ಲ ಅನ್ನಿಸಿತು.

ಮುಂದಿನ ಸಾಲಿನಲ್ಲಿದ್ದ ಒಬ್ಬ ವಿಮರ್ಶಕರು ಎದ್ದು, ‘ಇದು ಅತಿ-ಓದು ಆಗಲಿಲ್ಲವೇ, ಬರೆಯದ್ದನ್ನೂ ಓದಿದಂತೆ?’ ಎಂದರು.

‘ಅತಿ-ಓದು ಅಂದ್ರೇನೋ ಗೊತ್ತಿಲ್ಲ ಸರ್. ಬರ್ದಿರೋದಷ್ಟೇ ಓದ್ದೆ.’

ಅವರು ಕೂತರು. ಊಟದ ಬಿಡುವಿನಲ್ಲಿ ಅವಳ ಸುತ್ತ ಗುಂಪು ಸೇರಿತು. ಇಬ್ಬರು ಕಾದಂಬರಿಯ ಬಗ್ಗೆ ಕೇಳಿದರು, ಐವರು ಪ್ಯಾಂಟಿನ ಸೊಂಟ ಬಿಡಿಸುವ ಬಗ್ಗೆ.

ದೊಡ್ಡ ಮೇಷ್ಟ್ರು ಅಧ್ಯಕ್ಷ ಭಾಷಣವನ್ನು ಮೂರು ವಾಕ್ಯದಲ್ಲಿ ಮುಗಿಸಿ ಹೊರಟಿದ್ದರು. ಎಂಬತ್ತೆರಡು ವರ್ಷ ಅವರಿಗೆ. ಗುರುಗಳಿಗೆ ಬೇಜಾರಾಗಿದೆ ಎಂದು ಮೇಷ್ಟ್ರು ಹಿಂದೆಯೇ ಓಡಿದರು. ಅವರು ಗೇಟಿನ ಪಕ್ಕದ ಕಲ್ಲು ಬೆಂಚಿನ ಮೇಲೆ ಕಾರಿಗೆ ಕಾಯುತ್ತ ಕೂತಿದ್ದರು.

‘ಕ್ಷಮಿಸಬೇಕು ಸರ್. ನಿಮ್ಮ ಮಾತನ್ನ ತುಂಬಿದ ಸಭೇಲಿ...’

‘ಕೂತ್ಕೋ,’ ಎಂದರು ದೊಡ್ಡ ಮೇಷ್ಟ್ರು. ‘ಆ ತೋಳಿನ ಗೆರೆ ನನಗೆ ಗೊತ್ತಿರ್ಲಿಲ್ಲ. ಅದು ಚೆನ್ನಾಗಿತ್ತು.’

‘ಅಂದ್ರೆ ಉಳಿದಿದ್ದು?’

ದೊಡ್ಡ ಮೇಷ್ಟ್ರು ರಸ್ತೆಯನ್ನೇ ನೋಡುತ್ತಿದ್ದರು. ‘ಉಳಿದಿದ್ದು ಗೊತ್ತಿತ್ತು ಕಣಯ್ಯ. ಮೊದಲ ಸಲ ಓದಿದಾಗ್ಲೇ ಗೊತ್ತಾಗಿತ್ತು. ಆಗಿನ ಕಾಲ ಬೇರೆ. ಹಾಗಂತ ಬರೆದಿದ್ರೆ ಪುಸ್ತಕಾನೂ ಪಠ್ಯದಿಂದ ಹೋಗ್ತಿತ್ತು, ನನ್ನ ಕೆಲಸಾನೂ ಹೋಗ್ತಿತ್ತು. ಅದಕ್ಕೆ ಯಂತ್ರನಾಗರಿಕತೆ ಅಂತ ಒಂದು ಮಾತು ಹಾಕಿ ಮುಚ್ಚಿದೆ. ಯಂತ್ರನಾಗರಿಕತೆ ಅಂದ್ರೆ ಯಾರೂ ಮುಂದೆ ಕೇಳಲ್ಲ.’

ಆ ಒಂದು ಮಾತನ್ನು ಮೇಷ್ಟ್ರು ಹದಿನಾಲ್ಕು ಪುಟ ಮಾಡಿ, ಒಂಬತ್ತು ಮುದ್ರಣ ಮಾಡಿ, ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದರು.

‘ನನಗಾದ್ರೂ ಒಂದು ಮಾತು ಹೇಳಬಹುದಿತ್ತಲ್ಲ ಸರ್.’

‘ಹೇಳೋಣ ಅಂತಲೇ ಇದ್ದೆ. ಆದ್ರೆ ನೀನು ಅಷ್ಟು ಗಟ್ಟಿಯಾಗಿ ನಂಬಿಬಿಟ್ಟಿದ್ದೆ.’ ದೊಡ್ಡ ಮೇಷ್ಟ್ರು ಶಿಷ್ಯನ ಮಂಡಿಯ ಮೇಲೆ ಕೈಯಿಟ್ಟರು. ‘ನಿನ್ನ ಕೈಪಿಡಿ ಓದಿ ಓದಿ ನಡುವೆ ಒಂದಷ್ಟು ವರ್ಷ ನಾನೂ ನಂಬಿದ್ದೆ.’

ಕಾರು ಬಂತು. ಮೇಷ್ಟ್ರು ಬಾಗಿಲು ತೆಗೆದು ಗುರುಗಳನ್ನು ಕೂರಿಸಿದರು. ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಮತ್ತೆ ಅದೇ ಬೆಂಚಿನ ಮೇಲೆ ಕೂತುಬಿಟ್ಟರು. ಕೊನೆಗೆ ಒಬ್ಬರೇ ಜೋರಾಗಿ ನಕ್ಕರು. ಗೇಟಿನ ಕಾವಲುಗಾರ ತಿರುಗಿ ನೋಡಿದ.

ಪರೀಕ್ಷೆ ಮುಗಿದು ಫಲಿತಾಂಶ ಬಂತು. ಹೊಲಿಗೆಯವಳು ಪಾಸಾಗಿದ್ದಳು, ಆದರೆ ಸಾಹಿತ್ಯದಲ್ಲಿ ತೀರ ಕಡಿಮೆ. ಉತ್ತರ ಪತ್ರಿಕೆ ತರಿಸಿ ನೋಡಿದರೆ ಕೋಟಿನ ಪ್ರಶ್ನೆಗೆ ಹತ್ತಕ್ಕೆ ಎರಡು. ಬೇರೆ ಊರಿನ ಯಾರೋ ಪರೀಕ್ಷಕರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಸಂಕೇತಾರ್ಥ ತಿಳಿದಿಲ್ಲ. ಕೈಪಿಡಿ ನೋಡುವುದು.’

ಮರುಮೌಲ್ಯಮಾಪನದ ಅರ್ಜಿಯನ್ನು ಮೇಷ್ಟ್ರೇ ಬರೆದರು. ‘ಸದರಿ ಕೈಪಿಡಿಯ ಲೇಖಕನು ಕಾದಂಬರಿಯನ್ನು ಸರಿಯಾಗಿ ಓದಿರುವುದಿಲ್ಲ’ ಎಂದು ಶುರು ಮಾಡಿ, ಕೆಳಗೆ ಸಹಿ ಹಾಕಿ, ಸಹಿಯ ಕೆಳಗೆ ‘ಸದರಿ ಲೇಖಕ’ ಎಂದು ಸೇರಿಸಿದರು. ಹೆಂಡತಿ ಅದನ್ನು ಓದಿ ಒಂದು ಕಾಗುಣಿತದ ತಪ್ಪು ತಿದ್ದಿ, ತಾನೇ ಹೋಗಿ ಟಪಾಲಿಗೆ ಹಾಕಿ ಬಂದಳು.